ಮರದ ಹಳಿಗಳ ಮುಪ್ಪು

1991ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಮ್ಯಾಜಿಕ್ ಮೌಂಟನ್ ಎಂಬ ಮನೋರಂಜನಾ ಉದ್ಯಾನದವರು ಮರದ ರೋಲರ್ ಕೋಸ್ಟರ್ ಒಂದನ್ನು ಕಟ್ಟಿಸಿದರು. ಅದರ ಮಾದರಿ ಹೊಸದಾಗಿರಲಿಲ್ಲ. ದೇಶದ ಇನ್ನೊಂದು ತುದಿಯಲ್ಲಿ, ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲ ತೀರದಲ್ಲಿ, 1927ರಿಂದ ನಿಂತಿದ್ದ ‘ಸೈಕ್ಲೋನ್’ ಎಂಬ ಪ್ರಸಿದ್ಧ ಕೋಸ್ಟರಿನ ಏರುತಗ್ಗುಗಳನ್ನೇ ತುಸು ಹಿಗ್ಗಿಸಿ ನಕಲು ಮಾಡಿದ್ದರು. ಹೆಸರನ್ನೂ ಬಿಡಲಿಲ್ಲ. ಇಂಗ್ಲಿಷಿನ ಕಾಗುಣಿತವನ್ನು ಕೊಂಚ ತಿರುಚಿ ಇದನ್ನೂ ‘ಸೈಕ್ಲೋನ್’ ಎಂದೇ ಕರೆದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಈ ನಕಲು ತನ್ನ ವಿಪರೀತ ಕುಲುಕಾಟಕ್ಕೆ ಕುಖ್ಯಾತವಾಗಿ, 2007ರಲ್ಲಿ ನೆಲಸಮವಾಯಿತು. ಅದಕ್ಕಿಂತ ಅರುವತ್ತನಾಲ್ಕು ವರ್ಷ ಹಿರಿಯದಾದ ಮೂಲ ಸೈಕ್ಲೋನ್ ಮಾತ್ರ ಇಂದಿಗೂ ಓಡುತ್ತ, ನೂರನೆಯ ವರ್ಷದ ಹೊಸ್ತಿಲಲ್ಲಿದೆ. ಅಜ್ಜಿ ಗಟ್ಟಿಮುಟ್ಟಾಗಿ ಓಡಾಡುತ್ತಿರುವಾಗ ಮೊಮ್ಮಗಳು ಮುಪ್ಪಾಗಿ ತೀರಿಕೊಂಡದ್ದು ಹೇಗೆ?

ಮರದ ಕೋಸ್ಟರುಗಳ ಭವಿಷ್ಯದ ಕುರಿತು ಮಾತು ಬಂದಾಗಲೆಲ್ಲ ‘ಮರಕ್ಕೆ ವಯಸ್ಸಾಯಿತು, ಇನ್ನೇನು ಮಾಡುವುದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಎಷ್ಟು ನಿಜ ಎಂಬುದನ್ನು ತಿಳಿಯಬೇಕಾದರೆ ಆ ಬಂಡಿಯ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದಲೇ ನೋಡಬೇಕಾಗುತ್ತದೆ.

ಇದರ ಮೂಲ ರಷ್ಯಾದ ಚಳಿಗಾಲದಲ್ಲಿದೆ. ಸೇಂಟ್ ಪೀಟರ್ಸ್‌ಬರ್ಗ್ ಪರಿಸರದಲ್ಲಿ ಮರದ ಅಟ್ಟಣಿಗೆ ಕಟ್ಟಿ, ಇಳಿಜಾರಿನ ಮೇಲೆ ನೀರು ಸುರಿದು ಮಂಜುಗಡ್ಡೆಯಾಗಿಸಿ, ಜಾರುಬಂಡಿಗಳಲ್ಲಿ ಜನ ಕೆಳಗಿಳಿಯುತ್ತಿದ್ದರು. ಈ ಆಟ ಫ್ರಾನ್ಸಿಗೆ ಹೋದಾಗ ಅಲ್ಲಿ ಅಷ್ಟು ಮಂಜು ಇರಲಿಲ್ಲವಾದ್ದರಿಂದ ಬಂಡಿಗೆ ಗಾಲಿ ಬಂತು. 1817ರಲ್ಲಿ ಪ್ಯಾರಿಸಿನಲ್ಲಿ ಗಾಲಿಗಳು ಹಳಿ ಬಿಟ್ಟು ಹೋಗದಂತೆ ಕೂಡಿಸಿದ ಬಂಡಿಗಳು ಓಡಿದವು. ಫ್ರೆಂಚರು ಇಂದಿಗೂ ರೋಲರ್ ಕೋಸ್ಟರನ್ನು ‘ರಷ್ಯಾದ ಬೆಟ್ಟ’ ಎಂದೇ ಕರೆಯುತ್ತಾರೆ.

ಅಮೆರಿಕದಲ್ಲಿ ಅದು ಹುಟ್ಟಿದ ಬಗೆಯೇ ಬೇರೆ. ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಎಂಬಲ್ಲಿ ಬೆಟ್ಟದ ಮೇಲಿನ ಗಣಿಯಿಂದ ಕಲ್ಲಿದ್ದಲನ್ನು ಕೆಳಗೆ ತರಲು 1827ರಲ್ಲಿ ಒಂದು ಹಳಿ ಹಾಕಿದರು. ತುಂಬಿದ ಬಂಡಿಗಳು ತಮ್ಮ ಭಾರದಿಂದಲೇ ಇಳಿಯುತ್ತಿದ್ದವು. ಬರಿದಾದವನ್ನು ಹೇಸರಗತ್ತೆಗಳು ಮೇಲಕ್ಕೆ ಎಳೆಯುತ್ತಿದ್ದವು. 1870ರ ದಶಕದಲ್ಲಿ ಕಲ್ಲಿದ್ದಲಿನ ಸಾಗಣೆ ನಿಂತ ಮೇಲೆ ಅದೇ ಹಳಿಯ ಮೇಲೆ ದುಡ್ಡು ಕೊಟ್ಟು ಪ್ರವಾಸಿಗರು ಇಳಿಯತೊಡಗಿದರು. ಕೂಲಿಯ ದಾರಿ ಹೀಗೆ ವಿನೋದದ ದಾರಿಯಾಯಿತು. 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಕೋನಿ ಐಲೆಂಡಿನಲ್ಲಿ 5 ಸೆಂಟ್ ದರದ ಸ್ವಿಚ್‌ಬ್ಯಾಕ್ ರೈಲ್ವೆಯನ್ನು ತೆರೆದ. ವೇಗ ಗಂಟೆಗೆ ಸುಮಾರು 6 ಮೈಲಿ, ಅಂದರೆ ನಡಿಗೆಗಿಂತ ಸ್ವಲ್ಪ ಹೆಚ್ಚು. ಆದರೂ ಜನ ಮುಗಿಬಿದ್ದರು.

ಈ ನಿಧಾನದ ಬಂಡಿಯನ್ನು ಭಯದ ಬಂಡಿಯಾಗಿ ಮಾಡಿದವನು ಜಾನ್ ಮಿಲ್ಲರ್. ಹಳಿಯ ಮೇಲೆ ಓಡುವ ಗಾಲಿಗಳ ಜೊತೆಗೆ ಹಳಿಯ ಅಡಿಭಾಗವನ್ನು ಹಿಡಿಯುವ ಇನ್ನೊಂದು ಗಾಲಿಯನ್ನು ಆತ ಸೇರಿಸಿ 1919ರಲ್ಲಿ ಪೇಟೆಂಟ್ ಪಡೆದ. ಬಂಡಿ ಎಷ್ಟೇ ವೇಗವಾಗಿ ದಿಣ್ಣೆ ದಾಟಿದರೂ ಇನ್ನು ಹಳಿಯಿಂದ ಮೇಲೆದ್ದು ಹೋಗುವಂತಿರಲಿಲ್ಲ. ಕಡಿದಾದ ಇಳಿತ, ಬಿರುಸಾದ ತಿರುವು ಎಲ್ಲವೂ ಇದರಿಂದ ಸಾಧ್ಯವಾದವು. 1920ರ ದಶಕದಲ್ಲಿ ಅಮೆರಿಕದಲ್ಲಿ ಸಾವಿರಕ್ಕೂ ಮಿಕ್ಕಿ ಮರದ ಕೋಸ್ಟರುಗಳು ಇದ್ದವೆಂದು ಅಂದಾಜು. ಮುಂದೆ ಆರ್ಥಿಕ ಕುಸಿತ ಬಂತು, ಯುದ್ಧ ಬಂತು, ಕಾರು ಬಂತು, ಟೆಲಿವಿಷನ್ ಬಂತು. 1960ರ ಹೊತ್ತಿಗೆ ಇನ್ನೂರಕ್ಕೂ ಕಡಿಮೆ ಉಳಿದಿದ್ದವು. 1959ರಲ್ಲಿ ಡಿಸ್ನಿಲ್ಯಾಂಡಿನ ಮ್ಯಾಟರ್‌ಹಾರ್ನ್ ಕೋಸ್ಟರಿನಲ್ಲಿ ಉಕ್ಕಿನ ಕೊಳವೆಯ ಹಳಿ ಬಂದ ಮೇಲಂತೂ ಮರದ ಕಾಲ ಮುಗಿಯಿತೆಂದೇ ಹಲವರು ಭಾವಿಸಿದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮರದ ಕೋಸ್ಟರ್ ಎನ್ನುವುದು ಅದನ್ನು ಹೊತ್ತ ಕಂಬಗಳಿಂದಲ್ಲ, ಹಳಿಯಿಂದ. ಕೋನಿ ಐಲೆಂಡಿನ ಸೈಕ್ಲೋನಿನ ಚೌಕಟ್ಟು ಉಕ್ಕಿನದು. ಹಳಿ ಮಾತ್ರ ಮರದ್ದು. ಹಲಗೆಗಳನ್ನು ಒಂದರ ಮೇಲೊಂದು, ಸಾಮಾನ್ಯವಾಗಿ ಎಂಟು ಪದರಗಳಾಗಿ ಜೋಡಿಸಿ, ಮೊಳೆ ಬೋಲ್ಟುಗಳಿಂದ ಬಿಗಿದು, ಗಾಲಿ ತಾಗುವಲ್ಲಿ ಉಕ್ಕಿನ ತೆಳು ಪಟ್ಟಿ ಹೊದಿಸುತ್ತಾರೆ. ಬಂಡಿ ಹೋಗುವಾಗ ಇಡೀ ಕಟ್ಟೋಣ ಸ್ವಲ್ಪ ಬಾಗುತ್ತದೆ, ತೂಗುತ್ತದೆ. ಅದು ದೋಷವಲ್ಲ, ಅದರ ಗುಣ. ಮರದ ಕೋಸ್ಟರನ್ನು ಇಷ್ಟಪಡುವವರು ಇಷ್ಟಪಡುವುದು ಆ ಸದ್ದನ್ನು, ಆ ಅಲುಗಾಟವನ್ನು, ಎಲ್ಲಿ ಕಳಚಿಬೀಳುತ್ತದೋ ಎನ್ನುವ ಆ ಹುಸಿ ಹೆದರಿಕೆಯನ್ನು.

ಆದರೆ ಅಲುಗಾಟ ಬೇರೆ, ಬೆನ್ನುಮೂಳೆಗೆ ಬಡಿಯುವ ಒರಟುತನ ಬೇರೆ. ಹಲಗೆಗಳ ಸಂದಿಗೆ ನೀರಿಳಿಯುತ್ತದೆ. ಬಿಸಿಲಿಗೆ ಮರ ಕುಗ್ಗಿ ಬೋಲ್ಟು ಸಡಿಲಾಗುತ್ತದೆ. ಇಳಿಜಾರಿನ ಬುಡದಲ್ಲಿ ಬಂಡಿಯ ಒತ್ತಡ ಹಲವು ಪಟ್ಟು ಏರುವುದರಿಂದ ಅಲ್ಲಿ ಹಳಿ ಜಜ್ಜಿ ಗುಂಡಿಬೀಳುತ್ತದೆ. ಉದ್ದದ ಬಂಡಿಗಳ ಅಚ್ಚುಗಳು ತಿರುವಿಗೆ ತಕ್ಕಂತೆ ಹೊರಳದಿದ್ದರೆ ಗಾಲಿಗಳು ಹಳಿಯ ಬದಿಯನ್ನು ಉಜ್ಜಿ ಸವೆಸುತ್ತವೆ. ಸಣ್ಣ ಗುಂಡಿ ಬಂಡಿಯನ್ನು ಕುಣಿಸುತ್ತದೆ, ಕುಣಿದ ಬಂಡಿ ಗುಂಡಿಯನ್ನು ದೊಡ್ಡದು ಮಾಡುತ್ತದೆ. ಒಂದು ಚಳಿಗಾಲ ರಿಪೇರಿ ತಪ್ಪಿದರೆ ಮುಂದಿನ ವರ್ಷದ ಕೆಲಸ ಇಮ್ಮಡಿಯಾಗುತ್ತದೆ. ಇದಕ್ಕೆ ಮದ್ದು ಒಂದೇ: ಪ್ರತಿದಿನ ಬೆಳಗ್ಗೆ ಹಳಿಯುದ್ದಕ್ಕೂ ನಡೆದು ನೋಡುವ ಜನ, ಪ್ರತಿವರ್ಷ ಒಂದಷ್ಟು ಭಾಗದ ಹಲಗೆಗಳನ್ನು ಕಿತ್ತು ಹೊಸದು ಹಾಕುವ ಬಡಗಿಗಳು. ಹಾಗಾಗಿ ಚೆನ್ನಾಗಿ ನೋಡಿಕೊಂಡ ಹಳೆಯ ಕೋಸ್ಟರಿನ ಹಳಿಯಲ್ಲಿ ಹಳೆಯ ಮರ ಹೆಚ್ಚೇನೂ ಇರುವುದಿಲ್ಲ. ನಮ್ಮ ದೇವಸ್ಥಾನದ ತೇರಿನಂತೆಯೇ ಇದು: ಗಾಲಿ ಬದಲಾಗಿದೆ, ಅಚ್ಚು ಬದಲಾಗಿದೆ, ತೇರು ಮಾತ್ರ ಅದೇ.

1972ರಲ್ಲಿ ಒಹಾಯೋದ ಕಿಂಗ್ಸ್ ಐಲೆಂಡ್ ಉದ್ಯಾನದಲ್ಲಿ ಜಾನ್ ಅಲೆನ್ ರೂಪಿಸಿದ ‘ರೇಸರ್’ ಜನಪ್ರಿಯವಾದಾಗ ಮರಕ್ಕೆ ಎರಡನೆಯ ಜೀವ ಬಂತು. 1978ರಲ್ಲಿ ಕೋಸ್ಟರ್ ಪ್ರಿಯರ ಸಂಘವೇ ಅಮೆರಿಕದಲ್ಲಿ ಹುಟ್ಟಿಕೊಂಡಿತು. ಆದರೆ ಈ ಪುನರುಜ್ಜೀವನ ಬೇಗನೆ ಎತ್ತರದ ಪೈಪೋಟಿಯಾಗಿ ಮಾರ್ಪಟ್ಟಿತು. 1990ರಲ್ಲಿ 143 ಅಡಿಯ ಟೆಕ್ಸಸ್ ಜೈಂಟ್, 1991ರಲ್ಲಿ 161 ಅಡಿಯ ಮೀನ್ ಸ್ಟ್ರೀಕ್, 2000ದಲ್ಲಿ 218 ಅಡಿಯ ಸನ್ ಆಫ್ ಬೀಸ್ಟ್. ಎತ್ತರ ಇಮ್ಮಡಿಯಾದರೆ ಇಳಿಯುವ ಬಂಡಿಯ ಶಕ್ತಿಯೂ ಇಮ್ಮಡಿಯಾಗುತ್ತದೆ. ಅದನ್ನೆಲ್ಲ ಹೊರಬೇಕಾದುದು ಅದೇ ಪೈನ್ ಹಲಗೆ. ಸನ್ ಆಫ್ ಬೀಸ್ಟಿನಲ್ಲಿ 2006ರಲ್ಲಿ ಚೌಕಟ್ಟಿನ ಮರ ಬಿರುಕುಬಿಟ್ಟು ಎರಡು ಡಜನಿಗಿಂತ ಹೆಚ್ಚು ಮಂದಿಗೆ ಗಾಯವಾಯಿತು. 2009ರಲ್ಲಿ ಅದು ನಿಂತಿತು, 2012ರಲ್ಲಿ ಕೆಡವಲ್ಪಟ್ಟಿತು. ಅದಕ್ಕಾಗಿ ಕಣ್ಣೀರು ಹಾಕಬೇಕಾಗಿಲ್ಲ. ಹತ್ತುವವರ ಮೈಗಿಂತ ನೆನಪು ದೊಡ್ಡದಲ್ಲ.

ಟೆಕ್ಸಸ್ ಜೈಂಟಿನಿಂದ ಇನ್ನೊಂದು ದಾರಿ ತೆರೆಯಿತು. 2009ರಲ್ಲಿ ಅದನ್ನು ನಿಲ್ಲಿಸಿ, ಮರದ ಚೌಕಟ್ಟನ್ನು ಬಹುಮಟ್ಟಿಗೆ ಉಳಿಸಿಕೊಂಡು, ಮೇಲಿನ ಹಳಿಯನ್ನು ಮಾತ್ರ ಉಕ್ಕಿನದಾಗಿಸಿ 2011ರಲ್ಲಿ ಮತ್ತೆ ತೆರೆದರು. ಕೆಲಸ ಮಾಡಿದ್ದು ಇಡಾಹೋದ ರಾಕಿ ಮೌಂಟನ್ ಕನ್‌ಸ್ಟ್ರಕ್ಷನ್ ಎಂಬ ಸಂಸ್ಥೆ. ಹಳಿ ನಯವಾಯಿತು, ಜನ ಮತ್ತೆ ಬಂದರು. ಆಮೇಲೆ ಇದೇ ದಾರಿಯಲ್ಲಿ ಮೀನ್ ಸ್ಟ್ರೀಕ್ 2018ರಲ್ಲಿ 205 ಅಡಿಯ ‘ಸ್ಟೀಲ್ ವೆಂಜೆನ್ಸ್’ ಆಯಿತು. ಜಪಾನಿನ ನಾಗಾಶಿಮಾದಲ್ಲಿ 1994ರ ‘ವೈಟ್ ಸೈಕ್ಲೋನ್’ 2019ರಲ್ಲಿ ‘ಹಕುಗೇ’ ಆಯಿತು. ಸೈಕ್ಲೋನಿನ ಇನ್ನೊಂದು ನಕಲಾದ 1990ರ ಜಾರ್ಜಿಯಾ ಸೈಕ್ಲೋನ್ ಕೂಡ 2017ರಲ್ಲಿ ನಿಂತು, ಮರುವರ್ಷ ಉಕ್ಕಿನ ಹಳಿಯೊಂದಿಗೆ ಬಂತು. ಈ ಹೊಸ ಬಂಡಿಗಳು ತಲೆಕೆಳಗಾಗಿ ಹೊರಳುತ್ತವೆ, ಹತ್ತಿದವರು ಮೆಚ್ಚುತ್ತಾರೆ. ವಿಚಿತ್ರವೆಂದರೆ ಉಕ್ಕಿನ ಕಾಲಿನ ಮೇಲೆ ನಿಂತ ಕೋನಿ ಐಲೆಂಡಿನ ಅಜ್ಜಿಯೇ ಮರದ ಕೋಸ್ಟರ್, ಮರದ ಕಾಡಿನಂತೆ ಕಾಣುವ ಸ್ಟೀಲ್ ವೆಂಜೆನ್ಸ್ ಅಲ್ಲ.

ಇದನ್ನು ಉಳಿವು ಎನ್ನಬೇಕೇ, ಸಾವು ಎನ್ನಬೇಕೇ? ಜಾಗ ಉಳಿಯಿತು, ಚೌಕಟ್ಟು ಉಳಿಯಿತು. ಆದರೆ ವರ್ಷವರ್ಷವೂ ಹಳಿಯ ಹಲಗೆ ಕೂಡಿಸುತ್ತಿದ್ದವರ ಅಗತ್ಯ ಹೋಯಿತು. ಉದ್ಯಾನಗಳ ಒಡೆಯರಿಗೆ ಬೇಕಾದದ್ದೂ ಬಹುಶಃ ಇದೇ. ರಿಪೇರಿಯ ಖರ್ಚನ್ನು ಜಾಹೀರಾತಿನ ಫಲಕದಲ್ಲಿ ತೋರಿಸಲಾಗದು. ಹೊಸ ಹೆಸರನ್ನು ತೋರಿಸಬಹುದು.

ಮೂರನೆಯ ದಾರಿಯೂ ಇದೆ, ಮತ್ತು ಅದು ಬರಿಯ ಕನಸಲ್ಲ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ 1940ರ ದಶಕದಲ್ಲಿ ಕಟ್ಟಿದ ‘ರಾಕೆಟ್’ ಎಂಬ ಕೋಸ್ಟರ್ 1980ರಲ್ಲಿ ಉದ್ಯಾನ ಮುಚ್ಚಿದಾಗ ಅನಾಥವಾಯಿತು. ಪೆನ್ಸಿಲ್ವೇನಿಯಾದ ನೋಬೆಲ್ಸ್ ಎಂಬ ಉದ್ಯಾನದವರು ಅದನ್ನು ಕೊಂಡು, ಬಿಚ್ಚಿದ ತುಂಡುಗಳಿಗೆಲ್ಲ ಸಂಖ್ಯೆ ಹಾಕಿ, ದೇಶದುದ್ದಕ್ಕೂ ಸಾಗಿಸಿ, 1985ರಲ್ಲಿ ‘ಫೀನಿಕ್ಸ್’ ಎಂಬ ಹೆಸರಿನಲ್ಲಿ ಮತ್ತೆ ನಿಲ್ಲಿಸಿದರು. 2018ರಲ್ಲಿ ಗೋಲ್ಡನ್ ಟಿಕೆಟ್ ಪ್ರಶಸ್ತಿಯವರು ಅದನ್ನೇ ಅತ್ಯುತ್ತಮ ಮರದ ಕೋಸ್ಟರ್ ಎಂದು ಆರಿಸಿದರು. ಸ್ಯಾನ್ ಡಿಯಾಗೋದ ಜೈಂಟ್ ಡಿಪ್ಪರ್ 1925ರದು. 1976ರಲ್ಲಿ ಮುಚ್ಚಿದ ಅದನ್ನು ಕೆಡವಬಾರದೆಂದು ಊರಿನವರೇ ಸಮಿತಿ ಕಟ್ಟಿ ಹೋರಾಡಿದರು. 1990ರಲ್ಲಿ ಅದು ಮತ್ತೆ ಓಡಿತು. 1979ರ ‘ಬೀಸ್ಟ್’ 7,361 ಅಡಿ ಉದ್ದದ, ಲೋಕದಲ್ಲೇ ಅತಿ ಉದ್ದದ ಮರದ ಕೋಸ್ಟರ್. 2021–22ರ ಬಿಡುವಿನಲ್ಲಿ ಅದರ ಸುಮಾರು 2,000 ಅಡಿ ಹಳಿಯನ್ನು ಹೊಸದಾಗಿಸಿದರು, ಹೆಸರನ್ನು ಬದಲಿಸಲಿಲ್ಲ. ಹಲಗೆಯನ್ನು ಬಲವಂತವಾಗಿ ಬಗ್ಗಿಸುವ ಬದಲು ಕಂಪ್ಯೂಟರಿನ ಅಳತೆಯಂತೆ ತಿರುವಿನ ಆಕಾರಕ್ಕೇ ಕೊಯ್ದು ಕೂಡಿಸುವ ಕ್ರಮ ಈಗ ಬಂದಿದೆ. ಹಾಗೆ ಮಾಡಿದ ಹಳಿ ಹೆಚ್ಚು ಕಾಲ ನಯವಾಗಿರುತ್ತದೆ.

ಮೊದಲ ಪ್ರಶ್ನೆಗೆ ಮರಳೋಣ. 1995ರಲ್ಲಿ ಷಿಕಾಗೋ ಸಮೀಪ ಕಟ್ಟಿದ ‘ವೈಪರ್’ ಕೂಡ ಸೈಕ್ಲೋನಿನದೇ ನಕಲು; ಅದಿನ್ನೂ ಮರದ ಹಳಿಯ ಮೇಲೆಯೇ ಓಡುತ್ತಿದೆ. ಒಂದೇ ರೂಪದ ನಾಲ್ಕು ಬಂಡಿಗಳು: ಒಂದು ಕೆಡವಲ್ಪಟ್ಟಿತು, ಒಂದು ಉಕ್ಕಾಯಿತು, ಎರಡು ಓಡುತ್ತಿವೆ. ಕ್ಯಾಲಿಫೋರ್ನಿಯಾದ ಬಿಸಿಲು, ಬಂಡಿಗಳ ತೂಕ, ಚೌಕಟ್ಟಿನ ವ್ಯತ್ಯಾಸ ಎಲ್ಲಕ್ಕೂ ಇದರಲ್ಲಿ ಪಾಲಿರಬಹುದು. ವಯಸ್ಸಿಗೆ ಮಾತ್ರ ಇಲ್ಲ. ಕೋನಿ ಐಲೆಂಡಿನ ಸೈಕ್ಲೋನನ್ನೂ ಒಮ್ಮೆ ಕೆಡವಲು ಹೊರಟಿದ್ದರು. 1969ರಲ್ಲಿ ನಗರಾಡಳಿತದ ಕೈಸೇರಿದ ಆ ಜಾಗ ಪಕ್ಕದ ಮತ್ಸ್ಯಾಲಯದ ವಿಸ್ತರಣೆಗೆ ಬೇಕಾಗಿತ್ತು. ಕೋಸ್ಟರನ್ನು ಉಳಿಸಬೇಕೆಂಬ ಕೂಗು ಎದ್ದಿತು. 1975ರಲ್ಲಿ ನೆರೆಯ ಆಸ್ಟ್ರೋಲ್ಯಾಂಡ್ ಉದ್ಯಾನದವರು ಅದನ್ನು ಗೇಣಿಗೆ ಪಡೆದು, ದುರಸ್ತಿ ಮಾಡಿಸಿ ಓಡಿಸಿದರು. 1988ರಲ್ಲಿ ನಗರವೇ ಅದನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. ಅದೇ ತೀರದಲ್ಲಿ 1925ರ ‘ಥಂಡರ್‌ಬೋಲ್ಟ್’ಗೆ ಆ ಭಾಗ್ಯವಿರಲಿಲ್ಲ. 1982ರಲ್ಲಿ ನಿಂತ ಅದು ಬಳ್ಳಿ ಹಬ್ಬಿಸಿಕೊಂಡು ಹದಿನೆಂಟು ವರ್ಷ ಕಾದು, 2000ದಲ್ಲಿ ಯಂತ್ರಗಳ ಬಾಯಿಗೆ ಬಿತ್ತು.

ಮೆಲ್ಬೋರ್ನಿನ ಲೂನಾ ಪಾರ್ಕಿನಲ್ಲಿ 1912ರ ಸೀನಿಕ್ ರೈಲ್ವೆಗೆ ಹಳಿಯ ಮೇಲೆ ಬ್ರೇಕಿನ ವ್ಯವಸ್ಥೆ ಇಲ್ಲ. ಬಂಡಿಯ ನಡುವೆ ಒಬ್ಬಾತ ನಿಂತು ಸನ್ನೆ ಹಿಡಿದು, ಎಲ್ಲಿ ಬಿಡಬೇಕು ಎಲ್ಲಿ ತಡೆಯಬೇಕು ಎಂದು ಅಂಗೈಯಲ್ಲೇ ಅರಿತು ಓಡಿಸುತ್ತಾನೆ. ಕೋಪನ್‌ಹೇಗನ್ನಿನ ಟಿವೊಲಿಯಲ್ಲಿ 1914ರ ಕೋಸ್ಟರಿನದೂ ಇದೇ ಪದ್ಧತಿ. ಇಂಥ ತಿಳಿವಳಿಕೆ ಪುಸ್ತಕದಲ್ಲಿರುವುದಿಲ್ಲ. ನಾವು ಆಚಾರಿ ಎನ್ನುವ, ಮಲಯಾಳದ ಗೆಳೆಯರು ಆಶಾರಿ ಎನ್ನುವ ಕೈಕಸುಬಿನವರ ಬಗ್ಗೆ ನಮಗಿದು ಗೊತ್ತೇ ಇದೆ: ಕೆಲಸವಿದ್ದರೆ ಮಾತ್ರ ಮಗನಿಗೆ ವಿದ್ಯೆ ದಾಟುತ್ತದೆ. ಮರದ ಕೋಸ್ಟರಿನ ಭವಿಷ್ಯವೂ ಅಷ್ಟೇ. ಬರುವ ಚಳಿಗಾಲದಲ್ಲಿ ಹಳಿಯ ಮೇಲೆ ಸುತ್ತಿಗೆ ಹಿಡಿದು ನಡೆಯುವವರಿಗೆ ಕೂಲಿ ಕೊಡಲು ಯಾರಾದರೂ ಒಪ್ಪಿದರೆ ಅದು ಇನ್ನೊಂದು ವರ್ಷ ಓಡುತ್ತದೆ. ಸೈಕ್ಲೋನ್ ಹೀಗೆ ಒಂದೊಂದೇ ವರ್ಷವಾಗಿ ನೂರರ ಹತ್ತಿರ ಬಂದಿದೆ.