ಫಾರ್ವರ್ಡ್ ಆದ ಫೋಟೋಗೆ ಹಿಂಬದಿ ಇರೋದಿಲ್ಲ

ಕಳೆದ ದೀಪಾವಳಿಗೆ ದೇವದುರ್ಗಕ್ಕೆ ಹೋದಾಗ ಅವ್ವನ ಫೋನ್ ಕೆಟ್ಟು ಕೂತಿತ್ತು. ರಾಯಚೂರಿನ ಒಂದು ರಿಪೇರಿ ಅಂಗಡಿಗೆ ಒಯ್ದೆ. ‘ಬೋರ್ಡ್ ಹೋಗ್ಯಾದ ಸರ್, ಒಳಗಿಂದು ಏನೂ ಬರಂಗಿಲ್ಲ’ ಅಂದರು. ಅವ್ವ ಮಾತ್ರ ಆರಾಮಾಗಿದ್ದಳು. ‘ಫೋಟೋ ಎಲ್ಲಾ ವಾಟ್ಸಾಪ್‌ನ್ಯಾಗ ಅದಾವಲ್ಲ, ಮತ್ಯಾಕ ಚಿಂತಿ ಮಾಡ್ತಿ?’

ಓದಿದವರೂ ಹೀಗೇ ನಂಬಿರ್ತಾರೆ. ವಾಟ್ಸಾಪ್ ಮಾಡೋದು ಅಂಚೆಯವನ ಕೆಲಸ. ಫೋಟೋ ತಲುಪಿದ ಮೇಲೆ ಅದರ ಸರ್ವರ್‌ನಲ್ಲಿ ಕಾಯಂ ಆಗಿ ಉಳಿಯೋದಿಲ್ಲ. ಉಳಿಯೋದು ಕಳಿಸಿದವರ, ಪಡೆದವರ ಫೋನಿನಲ್ಲಿ. ಆಂಡ್ರಾಯ್ಡ್‌ನಲ್ಲಿ ಬ್ಯಾಕಪ್ ಆನ್ ಮಾಡಿದ್ದರೆ ಗೂಗಲ್ ಖಾತೆಗೆ ಹೋಗುತ್ತೆ. 2024ರಿಂದ ಅದೂ ಉಚಿತ 15 ಜಿಬಿಯ ಲೆಕ್ಕಕ್ಕೇ ಸೇರುತ್ತೆ, ಜಿಮೇಲ್, ಡ್ರೈವ್, ಫೋಟೋಸ್ ಜೊತೆಗೆ. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಪುಕ್ಕಟೆ ಇಡಬಹುದಾಗಿದ್ದ ಕಾಲ 2021ರ ಜೂನ್ 1ಕ್ಕೆ ಮುಗಿದಿದೆ. ಅವ್ವನ ಫೋನಿನಲ್ಲಿ ಬ್ಯಾಕಪ್ ಆನ್ ಆಗಿರಲಿಲ್ಲ. ಮಾಡಿಕೊಡಬೇಕಿದ್ದ ಇಂಜಿನಿಯರ್ ನಾನೇ.

ನಮ್ಮ ಮನೆಗೆ ಇದು ಎರಡನೇ ಸಲ. 2009ರ ಸೆಪ್ಟೆಂಬರ್ ಕೊನೆಯ ಮಳೆ ನಮ್ಮ ಜಿಲ್ಲೆಯವರಿಗೆ ನೆನಪಿದ್ದೇ ಇರುತ್ತೆ. ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿ, ಮಣ್ಣಿನ ಮಾಳಿಗೆ ಮನೆಗಳು ಬಿದ್ದಿದ್ದವು. ನಮ್ಮ ಮನೆ ಬೀಳಲಿಲ್ಲ, ಸೋರಿತು. ಟ್ರಂಕಿನಲ್ಲಿದ್ದ ಆಲ್ಬಂನ ಹಾಳೆಗಳು ಒಂದಕ್ಕೊಂದು ಅಂಟಿ ಹೋದವು. ಆಗ ಉಳಿದಿದ್ದು ಮಾನ್ವಿಯ ಸೋದರತ್ತೆ ಮನೆಯಲ್ಲಿದ್ದ ಫೋಟೋಗಳು ಮಾತ್ರ. ಮದುವೆ, ತೊಟ್ಟಿಲು ಅಂತ ಸ್ಟುಡಿಯೋದಲ್ಲಿ ತೆಗೆಸಿದಾಗ ಒಂದು ಪ್ರಿಂಟ್ ಅವರಿಗೂ ಕಳಿಸ್ತಿದ್ದರು. ಕೊಟ್ಟ ಪ್ರಿಂಟು ನಮ್ಮದರಷ್ಟೇ ಸ್ಪಷ್ಟ. ಹಿಂಬದಿಯಲ್ಲಿ ಹೆಸರು, ಊರು, ತಾರೀಖು ಬರೆದಿರ್ತಿದ್ದರು. ಆಗ ಹಂಚಿಕೊಳ್ಳೋದೇ ಬ್ಯಾಕಪ್ ಆಗಿತ್ತು.

ವಾಟ್ಸಾಪ್‌ನಲ್ಲಿ ಹಂಚಿದಾಗ ಇವೆರಡೂ ಹೋಗ್ತವೆ. ಫೋನಿನಲ್ಲಿ ತೆಗೆದ ಫೋಟೋ ಒಳಗೇ ಒಂದು ಹಿಂಬದಿ ಇರುತ್ತೆ, ಎಕ್ಸಿಫ್ ಅಂತಾರೆ: ತೆಗೆದ ದಿನ, ಸಮಯ, ಲೊಕೇಶನ್ ಆನ್ ಇದ್ದರೆ ಜಾಗ. ಮಾಮೂಲಿ ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಅಳಿಸಿ, ಚಿತ್ರವನ್ನೂ ಕುಗ್ಗಿಸುತ್ತೆ. 2023ರಲ್ಲಿ ಬಂದ ‘ಎಚ್‌ಡಿ’ಯೂ ಪೂರ್ತಿ ಮೂಲಚಿತ್ರ ಕೊಡೋದಿಲ್ಲ. ಪಡೆದವರ ಫೋನಿನಲ್ಲಿ ಫೈಲಿನ ಹೆಸರಲ್ಲಿ ಕಾಣೋ ತಾರೀಖು ಅದು ಬಂದ ದಿನದ್ದು. ಜಾತ್ರೆಯ ಫೋಟೋ ಯುಗಾದಿಗೆ ಫಾರ್ವರ್ಡ್ ಆದರೆ ಅದು ಯುಗಾದಿ ಫೋಟೋ ಆಗಿಬಿಡುತ್ತೆ!

ತಾರೀಖು, ಜಾಗದ ಬೆಲೆ ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಉದ್ಯೋಗ ಖಾತ್ರಿಯಲ್ಲಿ 2023ರ ಜನವರಿ 1ರಿಂದ ಎನ್‌ಎಂಎಂಎಸ್ ಆ್ಯಪ್ ಕಡ್ಡಾಯವಾಯಿತು: ದಿನಕ್ಕೆರಡು ಸಲ ಕೂಲಿಕಾರರ ಜಿಯೋಟ್ಯಾಗ್ ಫೋಟೋ, ಇಲ್ಲದಿದ್ದರೆ ಹಾಜರಿಯೇ ಇಲ್ಲ. (ಫೋಟೋದ ಫೋಟೋ ತೆಗೆದು ಅಪ್‌ಲೋಡ್ ಮಾಡ್ತಿದ್ದಾರೆ ಅಂತ 2025ರ ಜುಲೈನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಬರೆಯಬೇಕಾಯಿತು, ಅದು ಬೇರೆ ಕಥೆ.) ಬದು ಹಾಕೋ ಹೆಣ್ಣುಮಗಳ ಕೂಲಿಯ ಚಿತ್ರಕ್ಕೆ ದಿನ, ಜಾಗ ಎಲ್ಲಾ ಇದೆ. ಆಕೆಯ ಮಗಳ ಮದುವೆಯ ಚಿತ್ರಕ್ಕೆ ಇಲ್ಲ.

ಹಾಗಾದರೆ ಏನು ಮಾಡಬೇಕು? ಮುಖ್ಯವಾದ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಮೂಲಚಿತ್ರ, ತಾರೀಖು ಎರಡೂ ಉಳೀತವೆ. ಲೊಕೇಶನ್ ಕೂಡ ಹೋಗುತ್ತೆ, ಹಾಗಾಗಿ ಇದು ಮನೆಯವರಿಗೆ ಮಾತ್ರ. ಎಲ್ಲಾ ಹತ್ತು ಸಾವಿರ ಫೋಟೋ ಜೋಡಿಸೋಕೆ ಹೋಗಬೇಡಿ, ಯಾರಿಂದಲೂ ಆಗಲ್ಲ. ವರ್ಷಕ್ಕೆ ಐವತ್ತು ಆರಿಸಿ, ‘2025-ಮಾನ್ವಿ-ಅತ್ತೆ ಮನೆ’ ಅಂತ ಫೋಲ್ಡರ್ ಮಾಡಿ, ಪೆನ್‌ಡ್ರೈವ್‌ಗೊಂದು, ಇನ್ನೊಬ್ಬರ ಮನೆಗೊಂದು ಪ್ರತಿ ಇಡಿ. ಎರಡು ವರ್ಷ ಮುಟ್ಟದ ಗೂಗಲ್ ಖಾತೆಯನ್ನು ಕಂಪನಿ ಅಳಿಸಬಹುದು, ತೀರಿಹೋದವರ ಖಾತೆ ಇದ್ದರೆ ಇವತ್ತೇ ನೋಡಿ. ಫೋನ್ ತುಂಬಿದಾಗ ಗೂಗಲ್ ಫೋಟೋಸ್‌ನಲ್ಲಿ ಡಿಲೀಟ್ ಒತ್ತಿದರೆ ಕ್ಲೌಡ್‌ನಲ್ಲಿರೋದೂ ಹೋಗುತ್ತೆ. ಒತ್ತಬೇಕಾದ್ದು ‘ಫ್ರೀ ಅಪ್ ಸ್ಪೇಸ್’.

ಯಾರು ನೋಡ್ತಾರೆ ಅನ್ನೋದೂ ಅಷ್ಟೇ ಮುಖ್ಯ. ಸಾಲದ ಆ್ಯಪ್‌ಗಳು ಗ್ಯಾಲರಿಗೆ ಕೈಹಾಕಿ, ಫೋಟೋ ತಿರುಚಿ ಜನರನ್ನು ಬೆದರಿಸಿದ ಮೇಲೆ ಆರ್‌ಬಿಐ 2022ರ ಸೆಪ್ಟೆಂಬರ್‌ನಲ್ಲಿ ಅವು ಫೈಲ್, ಫೋಟೋ, ಕಾಂಟ್ಯಾಕ್ಟ್ ಮುಟ್ಟಬಾರದು ಅಂತ ನಿಯಮ ಮಾಡಿತು. ಸಾಲದ ಆ್ಯಪ್ ಗ್ಯಾಲರಿ ಕೇಳಿದರೆ ಅಲ್ಲೇ ಅನ್‌ಇನ್‌ಸ್ಟಾಲ್ ಮಾಡಿ. ಆದರೆ ತಂಗಿಯ ಫೋಟೋ ಕೇಳದೆ ಸ್ಟೇಟಸ್ ಹಾಕೋ ಅಣ್ಣನಿಗೆ 2023ರ ಡೇಟಾ ಸಂರಕ್ಷಣಾ ಕಾಯ್ದೆ ಅಡ್ಡ ಬರೋದು ಕಷ್ಟ. ಸ್ವಂತ, ಮನೆಬಳಕೆಯ ಡೇಟಾವನ್ನು ಅದು ಹೊರಗಿಟ್ಟಿದೆ. ಕೇಳೋ ರೂಢಿಯನ್ನು ನಾವೇ ಮಾಡಿಕೊಳ್ಳಬೇಕು.

ದೀಪಾವಳಿ ಮರುದಿನ ಮಾನ್ವಿಗೆ ಹೋಗಿ ಅತ್ತೆಯ ಹತ್ತಿರವಿದ್ದ ಹನ್ನೊಂದು ಪ್ರಿಂಟ್‌ಗಳನ್ನು ಪಡಸಾಲೆಯ ನೆರಳಲ್ಲಿಟ್ಟು, ಫ್ಲಾಶ್ ಹಾಕದೆ ಫೋಟೋ ತೆಗೆದೆ. ಹಿಂಬದಿಯನ್ನೂ ಬಿಡಲಿಲ್ಲ. ಒಂದರ ಮೇಲೆ ಅಜ್ಜ ಉರ್ದುವಿನಲ್ಲಿ ಬರೆದಿದ್ದ. ರಾಯಚೂರು ಹೈದರಾಬಾದ್ ನಿಜಾಮರ ಕೈಯಲ್ಲಿದ್ದಾಗ ಶಾಲೆ ಕಲಿತವನು. ನಮ್ಮ ಮನೆಯಲ್ಲಿ ಈಗ ಯಾರಿಗೂ ಉರ್ದು ಬರೋದಿಲ್ಲ. ರಾಯಚೂರಿನ ಗೆಳೆಯನ ಅಬ್ಬಾಗೆ ಡಾಕ್ಯುಮೆಂಟ್ ಆಗಿ ಕಳಿಸಿದೆ. ಅರ್ಧ ಗಂಟೆಯಲ್ಲಿ ವಾಯ್ಸ್ ನೋಟ್ ಬಂತು: ಅಜ್ಜಿಯ ಹೆಸರು, ಆಕೆಯ ತವರೂರು, 1961.