ಟಿಕೆಟ್ಟಿಲ್ಲದ ಕಛೇರಿ: ಬೀರೂರಿನಿಂದ ಕುಂದಗೋಳಕ್ಕೆ

ನನ್ನ ತಮ್ಮ ಕೆಲಸದ ಮೇಲೆ ಕೆಲವು ವರ್ಷ ಲಂಡನ್ನಿನಲ್ಲಿದ್ದ. ಒಂದು ದಿನ ಫೋನು ಮಾಡಿ, "ಇಲ್ಲಿ ಊರ ನಡುವೆ ಸೇಂಟ್ ಮಾರ್ಟಿನ್ ಅಂತ ಒಂದು ಚರ್ಚಿದೆ ಕಣೋ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಪಿಯಾನೋ, ಪಿಟೀಲು ಕಛೇರಿ ನಡೆಯುತ್ತೆ. ಟಿಕೆಟ್ ಇಲ್ಲ. ಆಫೀಸಿನವರೆಲ್ಲ ಬಂದು ಕೂತು ಕೇಳಿ ಹೋಗ್ತಾರೆ. ಅಪ್ಪ ಇದ್ದಿದ್ರೆ ದಿನಾ ಬಂದು ಕೂರ್ತಿದ್ರು" ಅಂದ. ಆ ಕೊನೆಯ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಅದಕ್ಕೇ ಈ ಬರಹ.

ಆ ಚೌಕದಲ್ಲಿ ಮಧ್ಯಾಹ್ನದ ಸಂಗೀತಕ್ಕೆ ಒಂದು ಇತಿಹಾಸವಿದೆ. 1939ರಲ್ಲಿ ಯುದ್ಧ ಶುರುವಾದಾಗ ರಾತ್ರಿ ದೀಪ ಹಚ್ಚುವ ಹಾಗಿರಲಿಲ್ಲ, ಸಭಾಂಗಣಗಳು ಮುಚ್ಚಿದವು. ಚರ್ಚಿನ ಪಕ್ಕದ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ಬಾಂಬಿಗೆ ಹೆದರಿ ಬೇರೆಡೆ ಸಾಗಿಸಿದ್ದರು. ಖಾಲಿಯಾದ ಆ ಕಟ್ಟಡದಲ್ಲಿ ಪಿಯಾನೋ ವಾದಕಿ ಮೈರಾ ಹೆಸ್ ಅಕ್ಟೋಬರ್ 10ರಿಂದ ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನದ ಕಛೇರಿ ಶುರು ಮಾಡಿದರು. ಅದಕ್ಕೆ ಒಂದು ಶಿಲ್ಲಿಂಗ್ ಟಿಕೆಟ್ಟಿತ್ತು. 1946ರಲ್ಲಿ ಅದು ನಿಂತಿತು. ಯುದ್ಧ ಮುಗಿದ ಮೇಲೆ ಪಕ್ಕದ ಚರ್ಚಿನಲ್ಲಿ ದಶಕಗಟ್ಟಲೆ ನಡೆದ ಮಧ್ಯಾಹ್ನದ ಕಛೇರಿಗಳಿಗೆ ಟಿಕೆಟ್ಟೂ ಇರಲಿಲ್ಲ, ಇಷ್ಟವಿದ್ದವರು ಕಾಣಿಕೆ ಹಾಕಿದರಾಯಿತು.

ಸರಿ, ಲಂಡನ್ ಅಲ್ಲೇ ಇರಲಿ. ನಾನು ಹೇಳಹೊರಟಿದ್ದು ನಮ್ಮ ಬೀರೂರಿನ ರೈಲು ಹಳಿಯ ಮೇಲೇ ಇರುವ ಇನ್ನೊಂದು ಊರಿನ ಬಗ್ಗೆ.

ಅಪ್ಪ ಬೀರೂರು ಸ್ಟೇಷನ್ನಿನಲ್ಲಿ ಸಣ್ಣ ನೌಕರಿಯಲ್ಲಿದ್ದರು. ಶಿವಮೊಗ್ಗದ ಗಾಡಿ ಹಿಡಿಯುವವರು ನಮ್ಮ ಜಂಕ್ಷನ್ನಿನಲ್ಲಿ ಇಳಿದು ಕಾಯುತ್ತಿದ್ದ ಮೀಟರ್ ಗೇಜ್ ಕಾಲ. ಅಪ್ಪನಿಗೆ ಸಂಗೀತ ಕಲಿಸಿದವರು ಯಾರೂ ಇಲ್ಲ. ಧಾರವಾಡ ಆಕಾಶವಾಣಿಯೇ ಅವರಿಗೆ ಮೇಷ್ಟ್ರು. ರಾಗದ ಹೆಸರು ಗೊತ್ತಾಗದಿದ್ದರೆ "ಮೊನ್ನೆ ರಾತ್ರಿ ಬಂದಿದ್ದೇ ಇವತ್ತೂ ಬಂತು" ಅನ್ನುತ್ತಿದ್ದರು. ಒಮ್ಮೆ ದೊಡ್ಡ ಊರೊಂದರಲ್ಲಿ ಕಛೇರಿ ಕೇಳಲು ಹೋಗಿ, ಟಿಕೆಟ್ಟಿನ ದುಡ್ಡು ಸಾಲದೆ ಗೇಟಿನ ಹತ್ತಿರ ನಿಂತಿದ್ದಾಗ ಯಾರೋ ಎದ್ದು ಹೋಗು ಅಂದರಂತೆ. ಅದನ್ನು ಅಪ್ಪ ನಮಗೆ ಹೇಳಲೇ ಇಲ್ಲ, ಅಮ್ಮ ಹೇಳಿದ್ದು.

ನಮ್ಮೂರಿನಿಂದ ಹುಬ್ಬಳ್ಳಿ ಕಡೆ ಹೊರಟರೆ ಅಜ್ಜಂಪುರ, ದಾವಣಗೆರೆ, ಹಾವೇರಿ ಎಲ್ಲ ದಾಟಿ ಹುಬ್ಬಳ್ಳಿಗೆ ಸ್ವಲ್ಪ ಮುಂಚೆ ಕುಂದಗೋಳ ಸಿಗುತ್ತದೆ. ಅಲ್ಲಿ ನಾಡಗೀರ ಮನೆತನದ ಹಳೆಯ ವಾಡೆ ಇದೆ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರು ಮೈಸೂರು ದರ್ಬಾರಿಗೆ ಹೋಗುತ್ತ ಬರುತ್ತ ಈ ವಾಡೆಯಲ್ಲಿ ತಂಗುತ್ತಿದ್ದರು. ಅಂದರೆ ಆ ಮಹಾನುಭಾವರ ರೈಲು ನಮ್ಮ ಬೀರೂರನ್ನು ಎಷ್ಟು ಸಲ ದಾಟಿರಬೇಕು, ಲೆಕ್ಕ ಹಾಕಿ! 1937ರಲ್ಲಿ ಅವರು ಕೊನೆಯುಸಿರೆಳೆದಿದ್ದೂ ರೈಲ್ವೆ ಸ್ಟೇಷನ್ನಿನಲ್ಲೇ, ಮದರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ.

ಕುಂದಗೋಳದ ಹುಡುಗ ರಾಮಚಂದ್ರ (1886–1952) ಈ ಖಾನ್ ಸಾಹೇಬರ ಶಿಷ್ಯನಾದ. ಮರಾಠಿ ರಂಗಭೂಮಿಯಲ್ಲಿ ಹಾಡಿ ಕುಣಿದು ಸವಾಯಿ ಗಂಧರ್ವ ಎಂದು ಹೆಸರಾದ. ಅವರ ಹತ್ತಿರ ಕಲಿಯಲು ಗದಗಿನಿಂದ ಭೀಮಸೇನ ಜೋಶಿ ಬಂದರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು, ಪಾಠ ಮುಗಿಸಿ, ರೈಲಿನಲ್ಲೇ ವಾಪಸ್ ಹೋಗುತ್ತಿದ್ದರು. ರಾತ್ರಿ ಅವರನ್ನು ಸ್ಟೇಷನ್ನಿಗೆ ಬಿಟ್ಟು ಬರುವ ಕೆಲಸ ಹುಡುಗ ಭೀಮಸೇನನದು.

ಗುರು ತೀರಿಕೊಂಡ ಮೇಲೆ ಭೀಮಸೇನರು ಪುಣೆಯಲ್ಲಿ 1953ರಿಂದ ಸವಾಯಿ ಗಂಧರ್ವ ಉತ್ಸವ ನಡೆಸಿದ್ದು ಎಲ್ಲರಿಗೂ ಗೊತ್ತು. ಅದು ಬೆಳೆದು ದೇಶದ ದೊಡ್ಡ ಉತ್ಸವವಾಯಿತು, ಟಿಕೆಟ್ಟೂ ಬಂತು. ಕುಂದಗೋಳದ ವಾಡೆಯಲ್ಲಿ ಮಾತ್ರ ಪುಣ್ಯತಿಥಿಯ ಅಹೋರಾತ್ರಿ ಸಂಗೀತ ಟಿಕೆಟ್ಟಿಲ್ಲದೇ ಉಳಿಯಿತು. ದೊಡ್ಡ ದೊಡ್ಡ ಕಲಾವಿದರು ಬಂದು ಗುರುಸೇವೆ ಎಂದು ಹಾಡಿ ಹೋಗುತ್ತಾರೆ. ಎದುರಿಗೆ ಕೂರುವವರಲ್ಲಿ ಹೊಲದಿಂದ ಬಂದ ರೈತರೂ ಇರುತ್ತಾರೆ.

ಎಪ್ಪತ್ತರ ದಶಕದಲ್ಲಿ ಅಪ್ಪ ರೈಲ್ವೆ ಪಾಸಿನಲ್ಲಿ ಒಮ್ಮೆ ಅಲ್ಲಿಗೆ ಹೋದರು. ಹಿಂದಿನ ಗೇಟಿನ ಅನುಭವ ಮನಸ್ಸಿನಲ್ಲಿತ್ತಲ್ಲ, ಬಾಗಿಲಲ್ಲೇ ನಿಂತು ಯಾರೋ ಹಿರಿಯರನ್ನು "ಟಿಕೆಟ್ ಎಷ್ಟು ಸ್ವಾಮಿ?" ಎಂದು ಕೇಳಿದರಂತೆ.

"ಟಿಕೀಟಾ? ಇಲ್ಲೆ ಅದೇನೂ ಇಲ್ಲರಿ. ಬರ್ರಿ, ಒಳಗ ಕೂಡ್ರಿ."

ಬೆಳಗಿನ ತನಕ ಕೂತು ಕೇಳಿ ಬಂದ ಅಪ್ಪ ಅಮ್ಮನಿಗೆ ಹೇಳಿದ್ದು ಸಂಗೀತದ ಬಗ್ಗೆ ಅಲ್ಲ, ಈ ಮಾತಿನ ಬಗ್ಗೆ. "ಕೂಡ್ರಿ ಅಂದ್ರು ಕಣೆ" ಎಂದು ಎರಡು ಸಲ ಹೇಳಿದರಂತೆ.

ಪುಕ್ಕಟೆ ಕೊಟ್ಟರೆ ಬೆಲೆ ಇರುವುದಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಯಾವ ಕಛೇರಿಯೂ ನಿಜವಾಗಿ ಪುಕ್ಕಟೆಯಲ್ಲ. ಮೈಸೂರಿನ ಒಂಟಿಕೊಪ್ಪಲಿನ 8ನೇ ಕ್ರಾಸಿನಲ್ಲಿ 1962ರಿಂದ ಗಣಪತಿ ಹಬ್ಬಕ್ಕೆ ರಸ್ತೆಯಲ್ಲೇ ವೇದಿಕೆ ಹಾಕಿ ಸಂಗೀತ ಕೇಳಿಸುತ್ತ ಬಂದಿದ್ದಾರೆ. ಶಾಮಿಯಾನ, ಮೈಕು, ಕಲಾವಿದರ ಸಂಭಾವನೆ ಎಲ್ಲದಕ್ಕೂ ಯಾರೋ ದುಡ್ಡು ಹೊಂದಿಸಲೇಬೇಕು. ಕುಂದಗೋಳದಲ್ಲಿ ಲೆಕ್ಕ ಇನ್ನೂ ಹಳೆಯದು. ವಾಡೆಯವರು ಉಸ್ತಾದರಿಗೆ ಜಾಗ ಕೊಟ್ಟರು, ಉಸ್ತಾದರು ಊರ ಹುಡುಗನಿಗೆ ವಿದ್ಯೆ ಕೊಟ್ಟರು, ಆ ಹುಡುಗ ಗಂಗೂಬಾಯಿ, ಭೀಮಸೇನರಿಗೆ ಕೊಟ್ಟ, ಅವರು ಬಂದು ಊರಿಗೆ ಹಾಡಿದರು. ಇದು ದಾನವಲ್ಲ, ಋಣ. ಎಲ್ಲಿಂದಲೋ ಬಂದ ರೈಲ್ವೆ ನೌಕರನಿಗೂ ಅದರಲ್ಲಿ ಒಂದು ಪಾಲು ಸಿಕ್ಕಿತು. ದಾನ ತೆಗೆದುಕೊಂಡೆ ಅಂತ ಅಪ್ಪನಿಗೆ ಅನ್ನಿಸಲಿಲ್ಲ, ಅದೇ ದೊಡ್ಡದು.

ಗಂಗೂಬಾಯಿ 2009ರಲ್ಲಿ ಹೋದರು, ಭೀಮಸೇನರು 2011ರಲ್ಲಿ. ಅಪ್ಪ ಅವರಿಬ್ಬರಿಗಿಂತ ಮೊದಲೇ ಹೋದರು. ಈಗಲೂ ಹುಬ್ಬಳ್ಳಿಗೆ ಹೋಗುವಾಗ ಕುಂದಗೋಳದ ಬೋರ್ಡು ಕಂಡರೆ ಕಿಟಕಿಗೆ ಮುಖ ಒತ್ತಿ ನೋಡುತ್ತೇನೆ. ವಾಡೆ ಅಲ್ಲಿಂದ ಕಾಣುವುದಿಲ್ಲ, ಆದರೂ.

ನಿಮ್ಮ ಊರಿನಲ್ಲೂ ಇಂಥದೊಂದು ಜಾಗ ಇದ್ದರೆ ಹೋಗಿ ಕೂತು ಬನ್ನಿ. ಏಳುವಾಗ ಹುಂಡಿ ಕಂಡರೆ ಕೈಲಾದಷ್ಟು ಹಾಕಿ. ಬಾಗಿಲಲ್ಲಿ ಯಾರಾದರೂ ಹಿಂಜರಿದು ನಿಂತಿದ್ದರೆ, ಸ್ವಲ್ಪ ಸರಿದು ಕೂತು ಒಳಗೆ ಕರೆಯಿರಿ.