ಸೋಗೆಯಿಂದ ಹಂಚಿಗೆ: ಮಲೆನಾಡಿನ ಮನೆ–ತೋಟದ ಚರಿತ್ರೆ

ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಮನೆ ಮತ್ತು ಅಡಿಕೆ ತೋಟ ಒಂದೇ ಒಕ್ಕಲುತನದ ಎರಡು ಭಾಗಗಳಾಗಿದ್ದವು. ಮೇಲೆ ಸೊಪ್ಪಿನ ಬೆಟ್ಟ, ಅದರ ಬುಡದಲ್ಲಿ ಮನೆ ಮತ್ತು ಕೊಟ್ಟಿಗೆ, ಕೆಳಗಿನ ಕಣಿವೆಯಲ್ಲಿ ತೋಟ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಇಳಿದು, ದನಗಳ ಕಾಲಡಿ ಗೊಬ್ಬರವಾಗಿ, ತೋಟಕ್ಕೆ ಹೋಗುತ್ತಿತ್ತು. ತೋಟದ ಸೋಗೆ ಮೇಲೇರಿ ಮನೆಯ ಮಾಡಾಗುತ್ತಿತ್ತು.

ಸೋಗೆ ಮನೆಯ ರಿಪೇರಿ ಎಂದರೆ ವರ್ಷಕ್ಕೊಮ್ಮೆ ಬರುವ ಕೆಲಸ. ಮಳೆಗಾಲಕ್ಕೆ ಮೊದಲು ಹಳೆಯ ಹೊದಿಕೆ ತೆಗೆದು, ಗೆದ್ದಲು ಹಿಡಿದ ಗಳ ಬದಲಿಸಿ, ಹೊಸ ಸೋಗೆ ಹೊದಿಸುತ್ತಿದ್ದರು. ಒಬ್ಬರ ಮನೆಯ ಕೆಲಸಕ್ಕೆ ನೆರೆಯವರು ಮುಯ್ಯಾಳಾಗಿ ಬರುತ್ತಿದ್ದರು. ಇಳಿದ ಸೋಗೆ ವ್ಯರ್ಥವಾಗುತ್ತಿರಲಿಲ್ಲ, ಅದೂ ಗೊಬ್ಬರದ ಗುಂಡಿ ಸೇರುತ್ತಿತ್ತು. ಮಣ್ಣಿನ ಗೋಡೆಗೆ ಇರಿಚಲು ಬಡಿಯದಂತೆ ತಟ್ಟಿ ಕಟ್ಟುವುದು, ಮಳೆ ನಿಂತ ಮೇಲೆ ನೆಲ ಸಾರಿಸಿ ಅಂಗಳ ಮಾಡುವುದು ಇದೇ ಸರಣಿಯ ಕೆಲಸಗಳು.

ಈ ಪದ್ಧತಿಯನ್ನು ಬದಲಿಸಿದ್ದು ಕರಾವಳಿಯ ಹಂಚು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ನದಿ ಬಯಲಿನ ಜೇಡಿಮಣ್ಣಿನಿಂದ ಮಾಡಿದ, ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ಹಂಚು ಅದು. ಬೆಂಕಿಯ ಭಯ ತಗ್ಗಿತು, ವರ್ಷವರ್ಷದ ಹೊದಿಕೆ ತಪ್ಪಿತು. ಆದರೆ ಹಂಚಿಗೆ ಅಳತೆ ಹಿಡಿದ ಪಕಾಸು, ರೀಪು ಬೇಕು. ಹಾಗಾಗಿ ಮಾಡಿನ ಕೆಲಸ ಬಡಗಿಯ ಕೈ ಸೇರಿತು. ಒಡೆದ ಹಂಚು ಬದಲಿಸಿ, ಜರುಗಿದ್ದನ್ನು ಸರಿಪಡಿಸುವ ಕೆಲಸವಷ್ಟೇ ಬೇಸಗೆಗೆ ಉಳಿಯಿತು. ಮಾಡಿಗೂ ತೋಟಕ್ಕೂ ಇದ್ದ ನಂಟು ಹೀಗೆ ಕಳಚಿತು.

ತೋಟದ ಚರಿತ್ರೆ ಇದಕ್ಕಿಂತ ಬಹಳ ಹಳೆಯದು. 1801ರಲ್ಲಿ ಸೋದೆ, ಶಿರಸಿ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಅಡಿಕೆ, ಮೆಣಸಿನ ತೋಟಗಳನ್ನು ವಿವರವಾಗಿ ದಾಖಲಿಸಿದ್ದಾನೆ. ತೋಟ ಎಬ್ಬಿಸುವ ಕ್ರಮದಲ್ಲಿ ಮೊದಲ ಸ್ಥಾನ ಗಿಡಕ್ಕಲ್ಲ, ನೀರಿಗೆ. ಕಣಿವೆಯಲ್ಲಿ ಬಸಿಗಾಲುವೆ ತೋಡಿ ಮಳೆನೀರು ನಿಲ್ಲದಂತೆ ಮಾಡಬೇಕು. ಆಮೇಲೆ ನೆರಳಿಗೆ ಬಾಳೆ, ಬಾಳೆಯ ಮರೆಯಲ್ಲಿ ಅಡಿಕೆ ಸಸಿ, ಮರ ಎದ್ದ ಮೇಲೆ ಅದಕ್ಕೆ ಮೆಣಸಿನ ಬಳ್ಳಿ, ತಂಪಿನ ನೆಲದಲ್ಲಿ ಏಲಕ್ಕಿ. ಅಡಿಕೆ ಫಸಲಿಗೆ ಬರಲು 5ರಿಂದ 7 ವರ್ಷ ಬೇಕು. ಅಲ್ಲಿಯವರೆಗೆ ಬಾಳೆ ಮತ್ತು ಗದ್ದೆಯ ಭತ್ತವೇ ಸಂಸಾರಕ್ಕೆ ಆಧಾರ.

ಬ್ರಿಟಿಷರ ಕಾಲದಲ್ಲಿ ಕಾಡು ಸರ್ಕಾರದ್ದಾದಾಗ ಸೊಪ್ಪಿನ ಪ್ರಶ್ನೆ ದೊಡ್ಡದಾಯಿತು. ಸೊಪ್ಪಿಲ್ಲದೆ ತೋಟವಿಲ್ಲ ಎಂಬುದನ್ನು ಒಪ್ಪಿಕೊಂಡ ಆಡಳಿತ, ಉತ್ತರ ಕನ್ನಡದಲ್ಲಿ 1 ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ನೀಡಿತು. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಇದೇ ಅಗತ್ಯದಿಂದ ಉಳಿದುಬಂದ ಹಕ್ಕುಗಳು.

ತೋಟದ ದೊಡ್ಡ ಶತ್ರು ಕೊಳೆರೋಗ. ಜಡಿಮಳೆಯಲ್ಲಿ ಎಳೆಕಾಯಿ ಉದುರದಂತೆ ಮರ ಹತ್ತಿ ಗೊನೆಗೆ ಕೊಟ್ಟೆ ಕಟ್ಟುವುದೇ ಹಿಂದಿನ ಉಪಾಯ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ 1910ರ ಸುಮಾರಿಗೆ ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಧ್ಯಯನ ಮಾಡಿ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಮಳೆಗಾಲದ ಔಷಧಿ ಹೊಡೆಯುವ ಕೆಲಸ ಅಂದಿನಿಂದ ಬೆಳೆಯಿತು. ಮಾರಾಟಕ್ಕೆ ಆಸರೆಯಾಗಿ 1923ರಲ್ಲಿ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ, 1973ರಲ್ಲಿ ಮಂಗಳೂರಿನ ಕ್ಯಾಂಪ್ಕೊ ಹುಟ್ಟಿದವು.

ಈ ನೆಲದಲ್ಲಿ ದುಡಿದವರೆಲ್ಲ ಒಡೆಯರಾಗಿರಲಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದ ವಶವಾಗಿ, ಉಳುವವರಿಗೆ ಹಕ್ಕು ಸಿಗುವ ದಾರಿ ತೆರೆಯಿತು. ಇಂದಿನ ಅನೇಕ ಸಣ್ಣ ಹಿಡುವಳಿಗಳ ಮೂಲ ಅದೇ.

ನಂತರದ ದಶಕಗಳಲ್ಲಿ ಮಕ್ಕಳು ಪಟ್ಟಣ ಸೇರಿದರು, ಕೊಟ್ಟಿಗೆಯಲ್ಲಿ ದನ ಕಡಿಮೆಯಾದವು, ಗೊಬ್ಬರ ಚೀಲದಲ್ಲಿ ಬರತೊಡಗಿತು. ಮಾಡಿನ ನಂಟು ಮೊದಲೇ ಕಳಚಿತ್ತು; ಈಗ ಕೊಟ್ಟಿಗೆಯ ನಂಟೂ ಸಡಿಲವಾಯಿತು. ಬೀಗ ಬಿದ್ದ ಮನೆ ಹಾಳಾಗುವುದು ಮಾಡಿನಿಂದ: ಒಂದು ಹಂಚು ಒಡೆದರೆ ನೀರು ತೊಲೆಗೆ ಇಳಿಯುತ್ತದೆ, ತೊಲೆ ಕುಂಬಾದರೆ ಗೋಡೆ ಕರಗುತ್ತದೆ. ತೋಟ ಹಾಳಾಗುವುದು ಹೂಳು ತುಂಬಿದ ಬಸಿಗಾಲುವೆಯಿಂದ. ಹಳೆಯ ಒಕ್ಕಲುತನವನ್ನು ಮತ್ತೆ ಕಟ್ಟುವವರಿಗೆ ಈ ಚರಿತ್ರೆ ಹೇಳುವ ಕ್ರಮವೂ ಇದೇ: ಮೊದಲು ಮಾಡು ಮತ್ತು ಕಾಲುವೆ, ಬಳಿಕ ಕೊಟ್ಟಿಗೆ, ಕೊನೆಗೆ ಗಿಡ.